ನಾಲೆ ನೀರು, ಮದುವೆ ಗಂಡು

ಬೆಂಗಳೂರಲ್ಲಿ ಕೂತು ಮ್ಯಾಟ್ರಿಮೋನಿ ಆ್ಯಪ್ ನೋಡುವಾಗ ಮೊದಲು ಕಣ್ಣು ಹೋಗೋದು ಎಲ್ಲಿಗೆ? ಕೆಲಸ, ಕಂಪನಿ, ಪ್ಯಾಕೇಜ್. ನಮ್ಮ ಮಂಡ್ಯ ಸೀಮೆಯಲ್ಲಿ ಹಿಂದೆ ಹೆಣ್ಣಿನ ಕಡೆಯವರು ಕೇಳುತ್ತಿದ್ದ ಪ್ರಶ್ನೆಯೇ ಬೇರೆ: "ನಾಲೆ ಬಯಲಲ್ಲಿ ಗದ್ದೆ ಎಷ್ಟದೆ?"

ಈ ಪ್ರಶ್ನೆಗೂ ಒಂದು ಇತಿಹಾಸ ಇದೆ. ಶ್ರೀರಂಗಪಟ್ಟಣದ ಸುತ್ತ ಮೈಸೂರು ಅರಸರ ಕಾಲದಿಂದಲೂ ನಾಲೆಗಳಿವೆ. ಚಿಕ್ಕದೇವರಾಯ ನಾಲೆ, ವಿರಿಜಾ ನಾಲೆ ಇವತ್ತಿಗೂ ಹರಿಯುತ್ತವೆ. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯ್ತು. 1930ರ ದಶಕದಲ್ಲಿ ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಹರಿದು ಪಾಂಡವಪುರದ ಬಯಲಿಗೂ ಭತ್ತ, ಕಬ್ಬು ಬಂತು. 1933ರಲ್ಲಿ ಮಂಡ್ಯಕ್ಕೆ ಸಕ್ಕರೆ ಕಾರ್ಖಾನೆ ಬಂತು. ಆದರೆ ಆ ನಾಲೆ ನಾಗಮಂಗಲ, ಕೆ.ಆರ್. ಪೇಟೆ ಕಡೆ ಹೋಗಲಿಲ್ಲ. ಅಲ್ಲಿಂದ ಎಷ್ಟೋ ಜನ ಮುಂಬೈ ದಾರಿ ಹಿಡಿದರು. ಅದು ಇಡೀ ರಾಜ್ಯದ ಕಣ್ಣಿಗೆ ಬಿದ್ದಿದ್ದು 2020ರ ಮೇ ತಿಂಗಳಲ್ಲಿ, ಕೊರೊನಾ ಹೆದರಿಕೆಯಲ್ಲಿ ಅವರೆಲ್ಲ ವಾಪಸ್ ಬಂದಾಗ.

ಅಷ್ಟರಲ್ಲಿ ಲೆಕ್ಕ ತಿರುಗಿತ್ತು. ಅಣ್ಣತಮ್ಮಂದಿರ ನಡುವೆ ಪಾಲಾಗಿ ಗದ್ದೆ ಚಿಕ್ಕದಾಗಿತ್ತು. ಹೆಣ್ಣುಮಕ್ಕಳು ಡಿಗ್ರಿ ಮುಗಿಸಿ ಬೆಂಗಳೂರಲ್ಲಿ ಕೆಲಸ ಹಿಡಿದಿದ್ದರು. ನಾಲೆ ಬಯಲಿನ ಹುಡುಗನಿಗೂ ಹೆಣ್ಣು ಸಿಗದಂತಾಯ್ತು. 2022ರ ನವೆಂಬರ್‌ನಲ್ಲಿ ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯಲ್ಲಿ ಒಕ್ಕಲಿಗ ವಧು-ವರರ ಸಮಾವೇಶ ನಡೆಯಿತು. ಹುಡುಗಿಯರ ಅರ್ಜಿ ನೂರರ ಲೆಕ್ಕದಲ್ಲಿ, ಹುಡುಗರದ್ದು ಹತ್ತು ಸಾವಿರದ ಮೇಲೆ! ಮೂರೇ ತಿಂಗಳಿಗೆ, ಮೂವತ್ತು ದಾಟಿದ ಅವಿವಾಹಿತರು ಹೆಣ್ಣು ಸಿಗಲಿ ಅಂತ ಮದ್ದೂರು ತಾಲ್ಲೂಕಿನಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟರು. ಟ್ರೋಲ್ ಪೇಜ್‌ಗಳಿಗೆ ಹಬ್ಬ. ನಡೆದವರ ಸಂಕಟ ನಗುವಂಥದ್ದಲ್ಲ.

"ಈಗಿನ ಹುಡುಗೀರಿಗೆ ಸಿಟಿ ಹುಚ್ಚು" ಅನ್ನೋದು ಅರಳಿಕಟ್ಟೆ ತೀರ್ಪು. ನಾನು ಒಪ್ಪಲ್ಲ. ನಾಟಿ, ಕಳೆ, ಕೊಟ್ಟಿಗೆ ಕೆಲಸ ಎಲ್ಲ ಸೊಸೆಯದ್ದು. ಪಹಣಿಯಲ್ಲಿ ಮಾತ್ರ ಅವಳ ಹೆಸರಿರಲ್ಲ. ಅಮ್ಮ ಪಟ್ಟ ಪಾಡು ಕಂಡ ಮಗಳು ಬೇರೆ ದಾರಿ ನೋಡಿದರೆ ತಪ್ಪೇನು?

ಇನ್ನೊಂದು ಮಾತನ್ನು ಕಟ್ಟೆ ಮೇಲೆ ಯಾರೂ ಆಡಲ್ಲ. ಭ್ರೂಣಲಿಂಗ ಪತ್ತೆ ತಡೆಯೋಕೆ 1994ರಲ್ಲೇ ಕಾನೂನು ಬಂತು. ಆದರೂ 2023ರ ಕೊನೆಯಲ್ಲಿ ಪೊಲೀಸರು ಭೇದಿಸಿದ ಜಾಲವೊಂದರ ಸ್ಕ್ಯಾನಿಂಗ್ ಜಾಗ ಮಂಡ್ಯದ ಬಳಿಯ ಆಲೆಮನೆ. ನಾಲೆ ನೀರು ಬೆಳೆಸಿದ ಕಬ್ಬು ಬೆಲ್ಲವಾಗಬೇಕಿದ್ದ ಜಾಗ ಅದು.

ಮುಂದಿನ ಸಲ ಊರಿಗೆ ಹೋದಾಗ ಯಾರಾದರೂ "ಹೆಣ್ಣೇ ಸಿಗ್ತಿಲ್ಲ ಕಣಪ್ಪಾ" ಅಂದರೆ, ಹುಟ್ಟಬೇಕಿದ್ದ ಹೆಣ್ಣುಮಕ್ಕಳು ಎಲ್ಲಿ ಹೋದರು ಅಂತ ಒಮ್ಮೆ ಕೇಳಿ ನೋಡಿ.