ಕಲಿತ ಭಾಷೆಯಲ್ಲಿ ಹೊಸ ದನಿ: ಫೇ ವಾಂಗ್ ಅವರ ‘ಡಿ-ಡಾರ್’

ಹಾಂಗ್‌ಕಾಂಗ್ ಊರು 1997ರ ತನಕ ಬ್ರಿಟಿಷರ ಕೈಯಲ್ಲಿತ್ತು. ಆದರೆ ಅಲ್ಲಿಯ ಮನೆ ಮಾತು, ಸಂತೆ ಮಾತು ಇಂಗ್ಲಿಷಲ್ಲ, ಬೀಜಿಂಗಿನ ಮ್ಯಾಂಡರಿನ್ನೂ ಅಲ್ಲ, ಕ್ಯಾಂಟನೀಸ್. 1970ರ ದಶಕದಲ್ಲಿ ಸ್ಯಾಮ್ ಹುಯಿಯಂಥವರು ಈ ಆಡುಮಾತಿನಲ್ಲಿ ಹಾಡಿ ಜನರನ್ನು ಗೆದ್ದರು. ಹಾಗೆ ಬೆಳೆದದ್ದು ಕ್ಯಾಂಟೊಪಾಪ್. ಬರಬರುತ್ತಾ ಅದು ದೊಡ್ಡ ವ್ಯಾಪಾರವೂ ಆಯಿತು. ಜಪಾನಿನ ಹಾಡೊಂದರ ಧಾಟಿ ತರುವುದು, ಅದಕ್ಕೆ ಕ್ಯಾಂಟನೀಸ್ ಮಾತು ಕೂರಿಸುವುದು, ಮಾರುವುದು. ಇದೇ ರೂಢಿ.

ಈ ಪೇಟೆಗೆ 1987ರಲ್ಲಿ ಬಂದವರು ಫೇ ವಾಂಗ್. ಹುಟ್ಟಿದ್ದು 1969ರಲ್ಲಿ, ಬೀಜಿಂಗಿನಲ್ಲಿ. ಮನೆ ಮಾತು ಮ್ಯಾಂಡರಿನ್. ಆಗ ಹಾಂಗ್‌ಕಾಂಗಿನಲ್ಲಿ ಚೀನಾದ ಒಳನಾಡಿಂದ ಬಂದವರೆಂದರೆ ಸ್ವಲ್ಪ ತಾತ್ಸಾರ. ಅದಕ್ಕೇ ಕಂಪನಿಯವರು ಹೆಸರನ್ನೇ ಬದಲಿಸಿ, ಶರ್ಲಿ ವಾಂಗ್ ಅಂತ 1989ರಲ್ಲಿ ಮೊದಲ ಆಲ್ಬಮ್ ಹೊರತಂದರು. 1992ರಲ್ಲಿ ಜಪಾನಿ ಧಾಟಿಯದ್ದೇ ಒಂದು ಹಾಡು ಇವರನ್ನು ಮನೆಮಾತು ಮಾಡಿತು. ಅಲ್ಲಿಯ ತನಕ ಹೆಸರೂ ಎರವಲು, ಧಾಟಿಯೂ ಎರವಲು, ಭಾಷೆಯೂ ಕಲಿತದ್ದು.

1994ರಲ್ಲಿ ತಿರುವು ಬಂತು. ಸ್ವಂತ ಹೆಸರು ಮರಳಿ ಪಡೆದರು. ಸ್ಕಾಟ್ಲೆಂಡಿನ ಕಾಕ್ಟೊ ಟ್ವಿನ್ಸ್ ತಂಡದ ಎರಡು ಹಾಡುಗಳನ್ನು ಕ್ಯಾಂಟನೀಸಿನಲ್ಲಿ ಹಾಡಿದರು. ಆ ತಂಡದ ಗಾಯಕಿಯ ಬಾಯಲ್ಲಿ ಎಷ್ಟೋ ಕಡೆ ಮಾತಿಗೆ ಅರ್ಥವೇ ಇರುವುದಿಲ್ಲ, ದನಿಯೇ ವಾದ್ಯ. ಇದರ ಗುಂಗು ಫೇ ಅವರನ್ನು ಬಿಡಲಿಲ್ಲ.

1995ರಲ್ಲಿ, ತೀರಿಹೋದ ಗಾಯಕಿ ತೆರೇಸಾ ತೆಂಗ್ ಅವರ ಹಳೆ ಹಾಡುಗಳ ಆಲ್ಬಮ್ ಒಂದನ್ನು ಫೇ ಮ್ಯಾಂಡರಿನ್ನಿನಲ್ಲಿ ಹೊರತಂದರು. ಜನ ಕೇಳಬೇಕು ಅಂದದ್ದು ಅಂಥದ್ದನ್ನೇ. ಆದರೆ ಅದೇ ವರ್ಷದ ಕೊನೆಗೆ ಬಂದದ್ದು ‘ಡಿ-ಡಾರ್’. ಹೆಸರಿಗೆ ಅರ್ಥವಿಲ್ಲ, ಬರೀ ಸದ್ದು. ಹಾಡುಗಳು ಹತ್ತು. ಕೆಲವಕ್ಕೆ ರಾಗ ಹಾಕಿದ್ದು ಅವರೇ. ವಾದ್ಯ ಹೊಂದಿಸುವುದರಲ್ಲಿ ಬೀಜಿಂಗಿನ ರಾಕ್ ಗಾಯಕ ದೌ ವೇ ಅವರ ಕೈಯಿತ್ತು. ಮುಂದಿನ ವರ್ಷ ಇಬ್ಬರೂ ಮದುವೆಯಾದರು.

ಇದನ್ನು ಸೈಕಡೆಲಿಕ್ ಪ್ರಭಾವದ ಆಲ್ಬಮ್ ಅನ್ನುತ್ತಾರೆ. ಏನದು? 1960ರ ದಶಕದಲ್ಲಿ ಇಂಗ್ಲೆಂಡ್, ಅಮೆರಿಕದ ರಾಕ್ ತಂಡಗಳು ಕನಸು, ಮಂಪರುಗಳನ್ನು ಸದ್ದಿನಲ್ಲಿ ತರಲು ಹೊರಟವು. ಪ್ರತಿಧ್ವನಿ ಸೇರಿಸಿದರು, ಟೇಪನ್ನು ಹಿಂದುಮುಂದಾಗಿ ಓಡಿಸಿದರು. ನಮ್ಮ ಸಿತಾರೂ ಅಲ್ಲಿಗೆ ಹೋಯಿತು. ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ 1966ರಲ್ಲಿ ಪಂಡಿತ್ ರವಿಶಂಕರರ ಬಳಿ ಕಲಿತದ್ದು ಗೊತ್ತಿರುವ ಸಂಗತಿ. ಮೂವತ್ತು ವರ್ಷದ ಮೇಲೆ ಅದೇ ಹೊಳೆಯ ನೀರು ‘ಡಿ-ಡಾರ್’ಗೂ ಹರಿದಿದೆ. ಶೀರ್ಷಿಕೆ ಹಾಡಿನಲ್ಲಿ ದನಿ ಮೇಲೆ ಕೆಳಗೆ ಜಾರುವಾಗ ಭಾರತದ ಗಾಯನದ ನೆರಳು ಕಂಡವರೂ ಉಂಟು.

ಒಂದು ಮಾತು ಗಮನಿಸಿ. ಕ್ಯಾಂಟನೀಸಿನಲ್ಲಿ ದನಿಯ ಏರಿಳಿತ ಬದಲಾದರೆ ಪದದ ಅರ್ಥವೇ ಬದಲು. ಧಾಟಿ ಮೊದಲು ಬಂದರೆ, ಅದರ ಏರಿಳಿತಕ್ಕೆ ಸರಿಹೊಂದುವ ಪದ ಹುಡುಕಿ ತುಂಬಬೇಕು. ಗೀತಕಾರ ಲಿನ್ ಶೀ ಈ ಕೆಲಸದಲ್ಲಿ ಪಳಗಿದ ಕೈ. ‘ಹೌದೂ ಅಲ್ಲ, ಅಲ್ಲವೂ ಅಲ್ಲ’ ಎಂಬಂಥ ಅರ್ಥದ ಹೆಸರಿನ, ಅವರು ಬರೆದ ಒಂದು ನಿಧಾನದ ಹಾಡು ಈ ಆಲ್ಬಮ್ಮಿನಲ್ಲಿದೆ. ಜನ ಅದನ್ನು ಇಂದಿಗೂ ಹಾಡುತ್ತಾರೆ. ಇಷ್ಟು ಕಟ್ಟುಪಾಡಿನ ಭಾಷೆಯಲ್ಲಿ ಇಂಥ ಸಡಿಲ ಹಾಡಿಕೆ ತರುವುದು ಸುಲಭವಲ್ಲ.

ಪೂರ್ಣ ಕ್ಯಾಂಟನೀಸ್ ಆಲ್ಬಮ್ ಅಂತ ಅವರದ್ದು ಇದೇ ಕೊನೆ. 1996ರ ‘ಫೂ ಝಾವ್’ ಹೆಚ್ಚುಕಡಿಮೆ ಮ್ಯಾಂಡರಿನ್. ಅದರಲ್ಲಿ ಎರಡು ಹಾಡು ಕಾಕ್ಟೊ ಟ್ವಿನ್ಸ್ ಅವರೇ ಮಾಡಿಕೊಟ್ಟದ್ದು. ಆಮೇಲೆ ಕ್ಯಾಂಟನೀಸಿನಲ್ಲಿ ಕೆಲವು ಹಾಡುಗಳಷ್ಟೇ ಬಂದವು. 1997ರ ಜುಲೈ 1ಕ್ಕೆ ಹಾಂಗ್‌ಕಾಂಗ್ ಚೀನಾಕ್ಕೆ ಸೇರಿತು. ಮ್ಯಾಂಡರಿನ್ ಮಾರುಕಟ್ಟೆ ಹಿಗ್ಗುತ್ತಾ ಹೋಯಿತು, ಕ್ಯಾಂಟನೀಸಿನದ್ದು ಕುಗ್ಗಿತು.

ಎರಡು ಭಾಷೆಗಳ ನಡುವೆ ಬದುಕುವ ನಮಗೆ ಇದರಲ್ಲಿ ತಿಳಿಯಬೇಕಾದ್ದು ಇದೆ. ಹೊರಗಿಂದ ಬಂದವರು ಇದ್ದ ಊರಿನ ಭಾಷೆಯನ್ನು ಬರೀ ಹೊಟ್ಟೆಪಾಡಿಗೆ ಬಳಸಿ ಬಿಡಬಹುದಿತ್ತು. ಫೇ ವಾಂಗ್ ಹಾಗೆ ಮಾಡಲಿಲ್ಲ. ಹೋಗುವ ಮೊದಲು ಆ ಭಾಷೆಯಲ್ಲಿ ಅದುವರೆಗೆ ಅಪರೂಪವಾಗಿದ್ದ ಒಂದು ದನಿಯನ್ನು ಇಟ್ಟು ಹೋದರು.