ಮನೆಯೂ ನಡೆಯಿತು, ನಾಯಿಯೂ ನಡೆಯಿತು

ಕಳೆದ ತಿಂಗಳು ಒಂದು ಭಾನುವಾರ ಬೆಳಗ್ಗೆ, ಕೆಂಗೇರಿಯ ಹತ್ತಿರ ಮೈಸೂರು ರಸ್ತೆಯ ಬದಿಯಲ್ಲಿ ಒಂದು ವಿಚಿತ್ರ ಗಾಡಿ ನಿಂತಿತ್ತು. ಹೊರಗಿನಿಂದ ಮೋಟಾರು, ಒಳಗೆ ಹಾಸಿಗೆ, ಒಲೆ, ನೀರಿನ ತೊಟ್ಟಿ ಎಲ್ಲವೂ ಉಂಟು. ಗೃಹಿಣಿ ಬಾಗಿಲಲ್ಲೇ ಕುಳಿತು ಕಾಫಿ ಸೋಸುತ್ತಿದ್ದರು. ಚಕ್ರದ ನೆರಳಿನಲ್ಲಿ ನಾಯಿಯೊಂದು ಮಲಗಿ, ಹೋಗಿಬರುವವರನ್ನೆಲ್ಲ ತನಿಖೆ ಮಾಡುತ್ತಿತ್ತು. ತಿಂಗಳುಗಟ್ಟಲೆ ಹೀಗೆಯೇ ಊರೂರು ಸುತ್ತುವರಂತೆ. ನೆರೆದವರಲ್ಲೊಬ್ಬರು, “ಕಾಲ ಎಷ್ಟು ಬದಲಾಯಿತು, ನೋಡಿ!” ಎಂದರು. ನಮಗೇಕೋ ಅಷ್ಟೇನೂ ಬದಲಾದಂತೆ ತೋರಲಿಲ್ಲ.

ಸಂಸಾರವನ್ನೇ ದಾರಿಯ ಮೇಲೆ ಹೂಡಿದವರು ನಮ್ಮ ನಾಡಿಗೆ ಹೊಸಬರಲ್ಲ. ಲಂಬಾಣಿಗಳು, ಅಂದರೆ ಬಂಜಾರರು, ಶತಮಾನಗಳ ಕಾಲ ಹೇರೆತ್ತುಗಳ ಮೇಲೆ ದವಸ, ಉಪ್ಪು ಹೇರಿಕೊಂಡು ಹೆಂಡಿರು ಮಕ್ಕಳೊಡನೆ ದೇಶವೆಲ್ಲ ನಡೆದರು. 1632ರಲ್ಲಿ ಆಗ್ರಾದಿಂದ ಪಾಟ್ನಾಕ್ಕೆ ಹೊರಟಿದ್ದ ಪೀಟರ್ ಮಂಡಿ ಎಂಬ ಆಂಗ್ಲನಿಗೆ 14,000 ಎತ್ತುಗಳ ತಾಂಡವೊಂದು ಎದುರಾಯಿತು. ದಿನಕ್ಕೆ ಆರೇಳು ಮೈಲಿ ನಡೆದರೆ ಅದೇ ಹೆಚ್ಚು ಎಂದು ಆತ ಬರೆದಿಟ್ಟಿದ್ದಾನೆ. ಅವಸರವೇಕೆ? ಎತ್ತು ದಾರಿಯಲ್ಲೇ ಮೇಯಬೇಕು. ಮೇವಿಗೆ ಕಾಸು ಬಿಚ್ಚಿದರೆ ವ್ಯಾಪಾರದಲ್ಲಿ ಉಳಿಯುವುದೇನು? ಸಂಜೆ ಬಿಡಾರ ಬಿಟ್ಟರೆ ಹೇರು ಇಳಿಸಬೇಕು, ಗೋಣಿಗಳನ್ನು ಗೋಡೆಯಂತೆ ಒಟ್ಟಬೇಕು, ನೀರು ಹುಡುಕಬೇಕು, ಒಲೆ ಹೂಡಬೇಕು. ಬೆಳಗಾದರೆ ಮತ್ತೆ ಹೇರು, ಮತ್ತೆ ದಾರಿ.

ಇವರಿಲ್ಲದೆ ದೊಡ್ಡ ದೊಡ್ಡ ದಳವಾಯಿಗಳ ಆಟವೂ ನಡೆಯಲಿಲ್ಲ. 1791ರಲ್ಲಿ ಬೆಂಗಳೂರು ಕೋಟೆಯನ್ನು ಹಿಡಿದ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಬಾಗಿಲವರೆಗೂ ಹೋಗಿ, ದವಸವಿಲ್ಲದೆ, ಎಳೆಯುವ ಎತ್ತುಗಳಿಲ್ಲದೆ, ತನ್ನ ಭಾರಿ ಫಿರಂಗಿಗಳನ್ನು ತಾನೇ ಒಡೆಸಿ ಹಿಂದಿರುಗಿದ. ಮರುವರ್ಷ ಬಂಜಾರರ ಎತ್ತುಗಳನ್ನು ನಂಬಿಕೊಂಡು ಬಂದ, ಆಗ ಕೆಲಸವಾಯಿತು. ಚರಿತ್ರೆಯ ಪುಸ್ತಕದಲ್ಲಿ ಫಿರಂಗಿಗೆ ಪುಟಗಳುಂಟು, ಗೋಣಿಗೆ ಒಂದೆರಡು ಸಾಲು.

ಆ ಗೋಣಿಯನ್ನು ರಾತ್ರಿ ಕಾದದ್ದು ಯಾರು? ನಾಯಿ. ಕಳ್ಳನಿಗೂ ಚಿರತೆಗೂ ಮೊದಲು ಬೊಗಳುತ್ತಿದ್ದುದು ಅದೇ. ಛತ್ತೀಸಗಢದ ಬಾಲೋದ್ ಜಿಲ್ಲೆಯ ಖಪರಿ ಗ್ರಾಮದಲ್ಲಿ ಕುಕುರ್‌ದೇವ್ ಎಂಬ ಗುಡಿಯಿದೆ. ಗುಡಿ ಶಿವನದು, ಕಥೆ ಬಂಜಾರನ ನಾಯಿಯದು. ಸಾಲಕ್ಕೆ ಈಡಾಗಿ ನಾಯಿಯನ್ನು ಸಾಹುಕಾರನಲ್ಲಿ ಬಿಟ್ಟುಹೋದನಂತೆ. ಕಳ್ಳರು ಬಚ್ಚಿಟ್ಟ ಸೊತ್ತನ್ನು ನಾಯಿ ತೋರಿಸಿಕೊಟ್ಟಿತು. ಮೆಚ್ಚಿದ ಸಾಹುಕಾರ, ಸಾಲ ತೀರಿತೆಂದು ಚೀಟಿ ಬರೆದು, ಅದರ ಕೊರಳಿಗೆ ಕಟ್ಟಿ ಕಳುಹಿಸಿದ. ದೂರದಿಂದ ಓಡಿಬರುತ್ತಿದ್ದ ನಾಯಿಯನ್ನು ಕಂಡ ಬಂಜಾರ, ತನ್ನ ಮಾತು ಕೆಡಿಸಿ ಬಂದಿತೆಂದು ಹೊಡೆದು ಕೊಂದ. ಚೀಟಿ ಕಂಡದ್ದು ಆಮೇಲೆ.

ಕಥೆ ಎಷ್ಟು ನಿಜವೋ! ಕಲ್ಲಿನಲ್ಲೇ ಬರೆದ ಸಾಕ್ಷಿ ಬೇಕೆಂದರೆ ನಮ್ಮ ಮೈಸೂರು ರಸ್ತೆ ಹಾಯುವ ಮದ್ದೂರು ತಾಲ್ಲೂಕಿನಲ್ಲೇ ಇದೆ. ಕ್ರಿ. ಶ. 949-50ರ ಆತಕೂರು ಶಾಸನದ ಮಣಲೇರ ತಕ್ಕೋಲದ ಕಾಳಗದಲ್ಲಿ ಮೆರೆದವನು. ಮೆಚ್ಚಿದ ಒಡೆಯ ಬೇಕಾದ್ದನ್ನು ಕೇಳೆಂದಾಗ ‘ಕಾಳಿ’ ಎಂಬ ಬೇಟೆನಾಯಿಯನ್ನು ಬೇಡಿದ. ಆ ನಾಯಿ ಮುಂದೆ ಕಾಡುಹಂದಿಯೊಡನೆ ಹೋರಾಡಿ, ಅದನ್ನು ಕೊಂದು ತಾನೂ ಸತ್ತಿತು. ಅದಕ್ಕೆ ನಿಲ್ಲಿಸಿದ ವೀರಗಲ್ಲನ್ನು ಪೂಜಿಸದೆ ಅಲ್ಲಿನ ಗೊರವ ಊಟ ಮಾಡುವಂತಿಲ್ಲವೆಂಬ ಕಟ್ಟಳೆಯೂ ಉಂಟು. ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ವಸ್ತುಸಂಗ್ರಹಾಲಯದಲ್ಲಿದೆ.

ದೊರೆಯ ನಾಯಿಗೆ ಕಲ್ಲು. ತಾಂಡದವರಿಗೆ ಸಿಕ್ಕಿದ್ದು ಬೇರೆ. ಗಾಡಿರಸ್ತೆಗಳಾದವು, 1882ರಲ್ಲಿ ರೈಲು ಕೆಂಗೇರಿಯನ್ನು ದಾಟಿ ಮೈಸೂರು ಮುಟ್ಟಿತು. ಹೇರೆತ್ತನ್ನು ಕೇಳುವವರಿಲ್ಲವಾಯಿತು. ಅಷ್ಟರಲ್ಲೇ, 1871ರಲ್ಲಿ, ಬ್ರಿಟಿಷ್ ಸರ್ಕಾರ ಕೆಲವು ಬುಡಕಟ್ಟುಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಕರೆಯುವ ಕಾಯಿದೆ ಮಾಡಿತ್ತು. 1911ರಲ್ಲಿ ಅದು ಮದರಾಸು ಪ್ರಾಂತಕ್ಕೂ ಬಂದಿತು. ಬಂಜಾರರ ಹಲವು ಗುಂಪುಗಳೂ ಆ ಪಟ್ಟಿಗೆ ಸೇರಿದವು. ನಿನ್ನೆಯವರೆಗೆ ಸೈನ್ಯಕ್ಕೆ ಅನ್ನ ಹೊತ್ತವನು ಇಂದು ಊರಾಚೆ ಬಿಡಾರ ಬಿಟ್ಟರೆ ಪೊಲೀಸಿನವನಿಗೆ ಲೆಕ್ಕ ಒಪ್ಪಿಸಬೇಕು. ಕಾಯಿದೆ ರದ್ದಾದದ್ದು 1952ರಲ್ಲಿ; ಗುಮಾನಿ ಅಷ್ಟು ಬೇಗ ರದ್ದಾಗಲಿಲ್ಲ.

ಕೆಂಗೇರಿಯ ಆ ಗಾಡಿಯವರನ್ನು ಅಂದು ಪ್ರಶ್ನೆ ಕೇಳಿದವನು ಒಬ್ಬನೇ, ಎದುರಿನ ಚಹಾ ಅಂಗಡಿಯವನು. ನಾಯಿಗೆ ಬನ್ನು ಹಾಕಬಹುದೇ ಎಂದು ಕೇಳಿದ.