ಪ್ರೋಸೆಸ್ ರೆಕಾರ್ಡಿಂಗ್ ಮತ್ತು ನರ್ಸಿಂಗ್ ವಿದ್ಯಾರ್ಥಿಯ ಮಾತು

ಮನೋರೋಗ ವಿಭಾಗದ ಪೋಸ್ಟಿಂಗ್‌ನಲ್ಲಿ ನರ್ಸಿಂಗ್ ವಿದ್ಯಾರ್ಥಿಗಳು ಬರೆಯಬೇಕಾದ ದಾಖಲೆಗಳಲ್ಲಿ ಪ್ರೋಸೆಸ್ ರೆಕಾರ್ಡಿಂಗ್ ಒಂದು. ರೋಗಿ ಆಡಿದ ಮಾತು, ತಾನು ಕೊಟ್ಟ ಉತ್ತರ, ಕಂಡ ಹಾವಭಾವ, ಆ ಹೊತ್ತಿನಲ್ಲಿ ತನಗೆ ಅನಿಸಿದ್ದು, ಎಲ್ಲವನ್ನೂ ಅಕ್ಕಪಕ್ಕದ ಅಂಕಣಗಳಲ್ಲಿ ಬರೆಯುತ್ತಾರೆ. ಶುಶ್ರೂಷೆಯಲ್ಲಿ ಈ ಅಭ್ಯಾಸಕ್ಕೆ ಗಟ್ಟಿ ನೆಲೆ ಒದಗಿಸಿದವರಲ್ಲಿ ಅಮೆರಿಕದ ಹಿಲ್ಡೆಗಾರ್ಡ್ ಪೆಪ್ಲಾವ್ (1909–1999) ಪ್ರಮುಖರು. ನರ್ಸ್ ಮತ್ತು ರೋಗಿಯ ಸಂಬಂಧವೇ ಚಿಕಿತ್ಸೆಯ ಭಾಗ ಎಂದು ವಾದಿಸಿದ ಅವರ ಪುಸ್ತಕ 1948ರಲ್ಲೇ ಸಿದ್ಧವಾಗಿದ್ದರೂ ಅಚ್ಚಾದದ್ದು 1952ರಲ್ಲಿ. ವೈದ್ಯರ ಹೆಸರು ಜೊತೆಗಿಲ್ಲದೆ ನರ್ಸೊಬ್ಬರು ಪುಸ್ತಕ ಬರೆಯುವುದನ್ನು ಆ ಕಾಲ ಸುಲಭವಾಗಿ ಒಪ್ಪಲಿಲ್ಲ.

ಒಂದು ಉದಾಹರಣೆ ಕಲ್ಪಿಸಿಕೊಳ್ಳೋಣ. ತಟ್ಟೆಯನ್ನು ದೂರ ಸರಿಸಿದ ಮಹಿಳೆ, "ಊಟಕ್ಕೆ ಮದ್ದು ಹಾಕಿದ್ದಾರೆ ಸಿಸ್ಟರ್" ಎನ್ನುತ್ತಾರೆ. "ಹಾಗೇನಿಲ್ಲಮ್ಮ, ಸುಮ್ಮನೆ ಊಟ ಮಾಡಿ" ಎಂಬ ಉತ್ತರ ವಿದ್ಯಾರ್ಥಿಯ ಬಾಯಿಗೆ ತಾನಾಗಿ ಬರುತ್ತದೆ. ಅದರಲ್ಲಿ ಕರುಣೆ ಇದೆ, ಆದರೆ ಮಾತುಕತೆ ಅಲ್ಲಿಗೇ ನಿಲ್ಲುತ್ತದೆ. ಭ್ರಮೆಯನ್ನು ವಾದದಿಂದ ಕದಲಿಸಲಾಗದು. ಹೌದೆಂದು ಒಪ್ಪಿಕೊಂಡರೂ ಕೇಡೇ. "ಊಟ ಮುಟ್ಟೋಕೆ ಭಯ ಆಗ್ತಿದೆಯಾ ಅಮ್ಮ?" ಎಂದಾಗ ಮದ್ದಿನ ಮಾತು ಹಿಂದೆ ಸರಿದು ಭಯ ಮುಂದೆ ಬರುತ್ತದೆ. ನರ್ಸ್ ಕೈ ಹಚ್ಚಬಹುದಾದದ್ದು ಆ ಭಯಕ್ಕೆ.

ಮೊದಲ ಉತ್ತರ ಯಾಕೆ ಬಂತು? ವಿದ್ಯಾರ್ಥಿಗೂ ಹೆದರಿಕೆಯಾಗಿರಬಹುದು, ಊಟದ ಸಮಯ ಮುಗಿಯುತ್ತಿದ್ದಿರಬಹುದು. ಇದು ತಿಳಿಯುವುದು 'ತನಗೆ ಅನಿಸಿದ್ದು' ಎಂಬ ಅಂಕಣದಲ್ಲಿ. ನನ್ನ ದೃಷ್ಟಿಯಲ್ಲಿ ಇಡೀ ದಾಖಲೆಯ ಜೀವ ಅಲ್ಲಿದೆ. ಅಂಕಕ್ಕಾಗಿ ಬರೆಯುವಾಗ ಮೊದಲು ಸುಳ್ಳಾಗುವುದೂ ಅದೇ: ಅನಿಸಿದ್ದನ್ನು ತಿದ್ದಿ, ಅನಿಸಬೇಕಾಗಿದ್ದನ್ನು ಬರೆದುಬಿಡುವ ಆಸೆ ಸಹಜ. ಕನ್ನಡದಲ್ಲಿ ನಡೆದ ಸಂಭಾಷಣೆಯನ್ನು ಇಂಗ್ಲಿಷಿನಲ್ಲಿ ಬರೆಸಿದರಂತೂ ತಡವರಿಕೆ, ಮೌನ, ದನಿ ಎಲ್ಲವೂ ಅಳಿಸಿಹೋಗುತ್ತವೆ.

ಆತ್ಮಹತ್ಯೆಯ ಪ್ರಶ್ನೆ ಬಂದಾಗ ಈ ತಡವರಿಕೆ ಇನ್ನೂ ಹೆಚ್ಚು. "ಸಾಯಬೇಕು ಅನ್ನಿಸುತ್ತಾ?" ಎಂದು ನೇರವಾಗಿ ಕೇಳಿದರೆ ಆ ಯೋಚನೆಯನ್ನು ತಾವೇ ತಲೆಗೆ ತುಂಬಿದಂತಾಗುತ್ತದೆ ಎಂದು ವಿದ್ಯಾರ್ಥಿಗಳು ಅಂಜುತ್ತಾರೆ. ಕೇಳುವುದರಿಂದ ಅಪಾಯ ಹೆಚ್ಚುವುದಿಲ್ಲ ಎಂಬುದೇ ಸಂಶೋಧನೆಗಳು ತೋರಿಸಿರುವ ಸಂಗತಿ. ಈ ಪ್ರಶ್ನೆಯನ್ನು ವಾರ್ಡಿಗೆ ಹೋಗುವ ಮೊದಲೇ ತರಗತಿಯಲ್ಲಿ ಬಾಯಿಬಿಟ್ಟು ಅಭ್ಯಾಸ ಮಾಡಿಸಬೇಕು.

ಬೋಧಕರಲ್ಲಿ ನನ್ನ ವಿನಂತಿ ಇಷ್ಟು: ಸಂಭಾಷಣೆಯನ್ನು ಆಡಿದ ಭಾಷೆಯಲ್ಲೇ ಬರೆಸಿ. ರೋಗಿಯ ಹೆಸರು, ಗುರುತು ಅದರಲ್ಲಿ ಇರದಿರಲಿ; 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಗೋಪ್ಯತೆಯನ್ನು ರೋಗಿಯ ಹಕ್ಕೆಂದಿದೆ. ಮೊದಲ ಕೆಲವು ದಾಖಲೆಗಳಿಗೆ ಅಂಕ ಕೊಡದೆ, ವಿದ್ಯಾರ್ಥಿಯ ಜೊತೆ ಕೂತು ಓದಿ.